ಹಕ್ಕಿಗಿದ್ದ ಮರ್ಯಾದೆ

ಹಳೆಯ ಒಳಚರಂಡಿ ಕಿತ್ತು ದೊಡ್ಡ ಪೈಪು ಹಾಕುವ ಕೆಲಸ ಚಿಕ್ಕಮ್ಮನ ಬಾಗಿಲೆದುರೇ ನಡೆದಿತ್ತು. ಕಲ್ಲು ಒಡೆಯುವ ಮಿಷನ್ನಿನ ಸದ್ದಿಗೆ ಗೋಡೆಯ ಗಡಿಯಾರ ಬಿದ್ದುಹೋಗಿತ್ತು, ಮಧ್ಯಾಹ್ನದ ನಿದ್ದೆಗಂತೂ ಎಳ್ಳುನೀರು ಬಿಟ್ಟಾಗಿತ್ತು. ಎಂಜಿನಿಯರು ಬೇರೆ ಯಾರೂ ಅಲ್ಲ, ಅವಳೇ ಎತ್ತಿ ಆಡಿಸಿದ ಅಕ್ಕನ ಮಗ. ದೂರಿದರೆ, "ಊರಿಗೆ ಒಳ್ಳೇದಾಗ್ಬೇಕಂದ್ರೆ ಸ್ವಲ್ಪ ಸಹಿಸ್ಕೋಬೇಕು ಚಿಕ್ಕಮ್ಮ" ಎಂದು ಉಪದೇಶ ಬಿಗಿದು ಹೋಗುತ್ತಿದ್ದ.

ಒಂದು ದಿನ ಮಿಷನ್ನು ತಟ್ಟನೆ ನಿಂತಿತು. ಜಲ್ಲಿ ರಾಶಿಯ ಮೇಲೆ ಟಿಟ್ಟಿಭ ಹಕ್ಕಿಯೊಂದು ಮೊಟ್ಟೆಯಿಟ್ಟು ಕೂತಿತ್ತು. ಮಗರಾಯ ಸುತ್ತ ಹಗ್ಗ ಕಟ್ಟಿಸಿ ಬೋರ್ಡನ್ನೂ ನೆಟ್ಟ: 'ಮರಿಯಾಗುವವರೆಗೆ ಇಲ್ಲಿ ಸದ್ದು ಮಾಡಬಾರದು.'

"ಹಕ್ಕಿಗೆ ತೊಂದರೆ ಆಗ್ಬಾರ್ದು, ಅದು ರೂಲ್ಸು."

"ಕುಂಡಿ ತೊಳೆದು ಬೆಳೆಸಿದೀನಲ್ಲೋ ನಿನ್ನ, ನನಗೆ ತೊಂದರೆ ಆದ್ರೆ?"

"ರೂಲ್ಸಿರೋದು ಕಾವಿಗೆ ಕೂತೋರಿಗೆ ಮಾತ್ರ ಚಿಕ್ಕಮ್ಮ."

ಚಿಕ್ಕಮ್ಮ ಹಲ್ಲು ಕಚ್ಚಿಕೊಂಡಳು. ಆದರೂ ಅಷ್ಟು ದಿನ ಕಣ್ತುಂಬ ನಿದ್ದೆ ಮಾಡಿದಳು.

ಕೊನೆಗೆ ಮರಿಗಳು ಹೊರಬಂದು, ತಾಯಿಯ ಹಿಂದೆ ಪುಟಪುಟನೆ ಪಕ್ಕದ ಬಯಲಿಗೆ ಹೋದವು. ಮರುದಿನ ಹಗ್ಗ ಬಿಚ್ಚಲು ಬಂದ ಎಂಜಿನಿಯರು ಕಣ್ಣುಜ್ಜಿಕೊಂಡ. ಜಲ್ಲಿ ರಾಶಿಯ ಮೇಲೆ ದಿಂಬು ಹಾಕಿಕೊಂಡು ಚಿಕ್ಕಮ್ಮ ಕೂತಿದ್ದಳು. ಮಡಿಲಲ್ಲಿ ಎರಡು ಕೋಳಿಮೊಟ್ಟೆ.

"ಏಳು ಚಿಕ್ಕಮ್ಮ, ಕೆಲಸ ಶುರು ಮಾಡ್ಬೇಕು!"

"ಮೆಲ್ಲಗೆ ಮಾತಾಡೋ, ನೀನು ನೆಟ್ಟ ಬೋರ್ಡು ನಿನಗೇ ಓದಕ್ಕೆ ಬರಲ್ವಾ? ಕಾವಿಗೆ ಕೂತಿದ್ದೀನಿ."

"ಅವು ಫ್ರಿಜ್ಜಿನ ಮೊಟ್ಟೆ! ಯಾವ ಕಾಲಕ್ಕೂ ಮರಿ ಆಗಲ್ಲ."

"ನಂಗೇನೂ ಅರ್ಜೆಂಟಿಲ್ಲಪ್ಪ" ಎಂದು ಚಿಕ್ಕಮ್ಮ ಕಣ್ಣು ಮುಚ್ಚಿದಳು.