ಕಂಪ್ಯೂಟರಿನ ಯಜಮಾನ

ವೀರೇಶನ ಮಗ್ಗದ ಮೇಲೆ ತನ್ನ ಗುಬ್ಬಿಗಳನ್ನು ಕಂಡು ರಂಜಿತಾ ಬಾಗಿಲಲ್ಲೇ ನಿಂತುಬಿಟ್ಟಳು. ವೀರೇಶ ಮೊಳಕಾಲ್ಮೂರಿನ ಅದೇ ಬೀದಿಯ ನೇಕಾರ, ಅವಳ ಅಣ್ಣನ ಗೆಳೆಯ. ನೇಯುತ್ತಿದ್ದ ರೇಷ್ಮೆ ಸೀರೆಯ ಅಂಚಿನುದ್ದಕ್ಕೂ ಸಜ್ಜೆ ತೆನೆ, ತೆನೆಗೊಂದು ಗುಬ್ಬಿ. ನಡುನಡುವೆ ಒಂದು ಗುಬ್ಬಿ ಮಾತ್ರ ಕತ್ತು ಹಿಂದಕ್ಕೆ ತಿರುಗಿಸಿ ಕೂತಿತ್ತು. ಆ ಕತ್ತನ್ನು ತಿರುಗಿಸಿದವಳು ರಂಜಿತಾಳೇ. ಬೇಸಿಗೆಯಿಡೀ ಕೂತು ಕಂಪ್ಯೂಟರಿನಲ್ಲಿ ಬರೆದ ಡಿಸೈನು ಅದು. ಅವಳ ಮನೆಯ ಮಗ್ಗಕ್ಕೇ ಇನ್ನೂ ಏರಿರಲಿಲ್ಲ. ಅವ್ವನಿಗೂ ತೋರಿಸಿರಲಿಲ್ಲ.

"ಇದು ನಿನಗೆಲ್ಲಿ ಸಿಕ್ತು?"

"ನಿಮ್ಮಣ್ಣನೇ ಕೊಟ್ಟಿದ್ದು ಕಣಮ್ಮ, ಪೆನ್‌ಡ್ರೈವ್‌ನಾಗೆ. ಯಾಕೆ, ನಿನಗೆ ಹೇಳಿಲ್ವಾ?" ವೀರೇಶ ಮಗ್ಗ ನಿಲ್ಲಿಸಿದ. ಅವನಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ.

ಮನೆಗೆ ಬಂದರೆ ಅಣ್ಣ ನಾಗಾರ್ಜುನ ಊಟಕ್ಕೆ ಕೂತಿದ್ದ. ಅವ್ವ ಓಬಳಮ್ಮ ಮುದ್ದೆ ಇಡುತ್ತಿದ್ದಳು.

"ನನ್ನ ಡಿಸೈನ್ ಹೆಂಗೆ ತೆಗೆದೆ? ನನ್ನ ಖಾತೆಗೆ ಪಾಸ್‌ವರ್ಡ್ ಐತೆ."

ಅವನು ನಕ್ಕ. "ನಿನ್ನ ಪಾಸ್‌ವರ್ಡ್ ಬ್ಯಾರೇರಿಗೆ. ನಾನು ಅಡ್ಮಿನ್. ನಿನ್ನ ಫೋಲ್ಡರ್ ಒತ್ತಿದ್ರೆ ಒಂದ್ಸಲ ಅನುಮತಿ ಇಲ್ಲ ಅಂತೈತೆ. ಕಂಟಿನ್ಯೂ ಒತ್ತಿದ್ರೆ ಆತು, ತೆರ್ಕಂತೈತೆ. ಸುಮ್ನೆ ಬಿದ್ದಿತ್ತು, ಗೆಳೆಯ ಕೇಳ್ದ, ಕೊಟ್ಟೆ."

"ನನ್ನ ಕೇಳ್ಬೇಕಿತ್ತು."

"ಮನೇಲಿ ಎಲ್ಲಾದಕ್ಕೂ ನಿನ್ನ ಅಪ್ಪಣೆ ಬೇಕೇನೇ?"

"ಊರುಕೋವೇ, ಸುಮ್ಕಿರು," ಎಂದು ಅವ್ವ ತೆಲುಗಿನಲ್ಲಿ ಮಗಳನ್ನೇ ಗದರಿದಳು. "ಉಣ್ಣೋ ಹೊತ್ನಾಗೆ ಅಣ್ಣನ ಮೇಲೆ ದನಿ ಎತ್ತಬ್ಯಾಡ."

ರಂಜಿತಾ ಸಿಟ್ಟಿನಿಂದ ಊಟಕ್ಕೂ ಕೂರದೆ ಒಳಗೆ ಹೋದಳು. ಆ ಕಂಪ್ಯೂಟರು ಡಿಸೈನ್ ತರಬೇತಿ ಮುಗಿಸಿದ್ದಕ್ಕೆ ಅವಳ ಹೆಸರಿಗೇ ಬಂದದ್ದು. ಬಂದ ದಿನ ಪೆಟ್ಟಿಗೆ ಒಡೆದು, ವೈರು ಸಿಕ್ಕಿಸಿ, ಮೊದಲ ಖಾತೆಯನ್ನು ತನ್ನ ಹೆಸರಿನಲ್ಲಿ ತೆರೆದವನು ನಾಗಾರ್ಜುನ. ಆಮೇಲೆ ಅವಳಿಗೊಂದು ಖಾತೆ ಮಾಡಿಕೊಟ್ಟಿದ್ದ. ಅಣ್ಣ ಎಷ್ಟು ನೆರವಾದ ಎಂದು ಆಗ ಹಿಗ್ಗಿದ್ದಳು.

ಮರುದಿನ ಬೆಳಿಗ್ಗೆ ವೈರುಗಳನ್ನು ಕಿತ್ತು, ಸಿಪಿಯು ಪೆಟ್ಟಿಗೆಯನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ಚಳ್ಳಕೆರೆಯ ಬಸ್ಸು ಹತ್ತಿದಳು. "ಏನಮ್ಮ ಅದು, ಕೆಳಗಿಡು," ಎಂದ ಕಂಡಕ್ಟರ್. ಅವಳು ತೊಡೆಯ ಮೇಲಿಂದ ಇಳಿಸಲಿಲ್ಲ.

ಚಳ್ಳಕೆರೆಯಲ್ಲಿ ಶಾಂತಕುಮಾರಿ ಕಂಪ್ಯೂಟರ್ ತರಗತಿ ನಡೆಸುತ್ತಾರೆ. ರಂಜಿತಾ ಮೌಸ್ ಹಿಡಿಯಲು ಕಲಿತದ್ದು ಅವರಲ್ಲೇ. ಅವರು ಪೆಟ್ಟಿಗೆಗೆ ಪರದೆ ಸಿಕ್ಕಿಸಿ ನೋಡಿದರು.

"ನಿಂದು ಸಾಮಾನ್ಯ ಖಾತೆ. ನಿನ್ನ ಕೆಲಸ ನೀನು ಮಾಡ್ಕೋಬೋದು, ಅಷ್ಟೆ. ಅಡ್ಮಿನ್ ಅಂದ್ರೆ ಯಜಮಾನ. ಹೊಸ ಸಾಫ್ಟ್‌ವೇರ್ ಹಾಕೋದು, ನಿನ್ನ ಪಾಸ್‌ವರ್ಡ್ ಬದಲ್ಸೋದು, ನಿನ್ನ ಖಾತೇನೇ ಅಳಿಸೋದು, ಎಲ್ಲಾ ಅವನ ಕೈಯಾಗೈತೆ."

"ನನ್ನ ಡಿಸೈನ್ ಎಲ್ಲಾ ಅಳಿಸಬೋದಾ ಮೇಡಂ?"

"ಮನಸ್ಸು ಮಾಡಿದ್ರೆ."

ಇಷ್ಟು ದಿನ ಚಿಲಕ ಹಾಕಿಕೊಂಡು ಕೂತಿದ್ದೇನೆ ಅಂದುಕೊಂಡಿದ್ದಳು. ಬೀಗದ ಕೈ ಇನ್ನೊಬ್ಬನ ಉಡಿದಾರದಲ್ಲಿತ್ತು.

"ಎರಡೇ ದಾರಿ," ಎಂದರು ಶಾಂತಕುಮಾರಿ. "ಅವನೇ ಬಂದು ಪಾಸ್‌ವರ್ಡ್ ಹಾಕಿ ಬಿಟ್ಟುಕೊಡ್ಬೇಕು. ಇಲ್ಲಾಂದ್ರೆ ಪೂರ್ತಿ ಒರೆಸಿ ಹೊಸದಾಗಿ ಹಾಕ್ಬೇಕು. ಆಗ ಅವನ್ದೂ ಹೋಗ್ತೈತೆ. ಮೊದ್ಲು ನಿನ್ನ ಫೈಲ್ ಕಾಪಿ ಮಾಡ್ಕೋ."

ಕಾಪಿ ಮುಗಿಸಿ ಅಣ್ಣನಿಗೆ ಫೋನು ಮಾಡಿದಳು. "ಸಂಜೆಯೊಳಗೆ ಬಂದು ಪಾಸ್‌ವರ್ಡ್ ಹಾಕು. ಬರ್ಲಿಲ್ಲಾಂದ್ರೆ ನಿನ್ನ ಫೋಟೊ, ವಿಡಿಯೊ ಒಂದೂ ಉಳಿಯಲ್ಲ."

ನಾಗಾರ್ಜುನ ಬೈಕಿನಲ್ಲಿ ಬಂದ. ತಲೆಯೆಲ್ಲ ಧೂಳು. ಒಳಗೆ ಕಾಲಿಡುತ್ತಲೇ ಕೂಗಿದ. "ಊರೋರ ಮುಂದೆ ಮಾನ ಕಳೀತೀಯಾ?"

"ನಂದನ್ನ ಊರಿಗೆ ಹಂಚಿದೋನು ನೀನು. ಹಾಕು ಪಾಸ್‌ವರ್ಡ್."

ತರಗತಿಯ ಹುಡುಗಿಯರೆಲ್ಲ ಟೈಪಿಂಗ್ ನಿಲ್ಲಿಸಿ ನೋಡುತ್ತಿದ್ದರು. ಅವನು ಹಲ್ಲು ಕಚ್ಚಿಕೊಂಡು ಅಕ್ಷರಗಳನ್ನು ಒತ್ತಿದ. ಶಾಂತಕುಮಾರಿ ತೋರಿಸಿದಂತೆ ರಂಜಿತಾ ತನ್ನ ಹೆಸರಿನಲ್ಲಿ ಹೊಸದೊಂದು ಅಡ್ಮಿನ್ ಖಾತೆ ತೆರೆದಳು. ನಾಗಾರ್ಜುನನದನ್ನು ಸಾಮಾನ್ಯ ಖಾತೆಗೆ ಇಳಿಸಿದಳು.

"ದಿನದ ಕೆಲಸಕ್ಕೆ ನಿನ್ನ ಹಳೇ ಖಾತೇನೇ ಇರ್ಲಿ," ಎಂದರು ಶಾಂತಕುಮಾರಿ. "ಅಡ್ಮಿನ್ ಬೇಕಾದಾಗ ಮಾತ್ರ. ಅದ್ರಾಗೇ ಕೂತಿದ್ದಾಗ ವೈರಸ್ ಬಂದ್ರೆ ಮನೆಯೆಲ್ಲಾ ಅದ್ರದೇ ಆಗ್ತೈತೆ."

ನಾಗಾರ್ಜುನನ ದನಿ ಇಳಿದಿತ್ತು. "ಅಂದ್ರೆ ಇನ್ಮೇಲೆ ನಂದೆಲ್ಲಾ ನೀನು ನೋಡ್ಬೋದು."

"ನೋಡ್ಬೋದು. ನೋಡಲ್ಲ. ನೀನೂ ಹಂಗೇ ಇರ್ಬೋದಿತ್ತು."

ಅವನು ಹೊರಗೆ ಹೋಗಿ ಬೈಕಿನ ಹತ್ತಿರ ನಿಂತ. "ಹತ್ತು, ಒಟ್ಟಿಗೆ ಹೋಗಾನ," ಎಂದ. ಅವಳು ಪೆಟ್ಟಿಗೆ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಖಾತೆಯನ್ನೇನೋ ಬದಲಿಸಿದ್ದಾಯಿತು, ವೀರೇಶನ ಮಗ್ಗವೇರಿದ ಸೀರೆಯನ್ನು ಯಾವ ಪಾಸ್‌ವರ್ಡೂ ವಾಪಸು ತರುವಂತಿರಲಿಲ್ಲ.

ಮನೆಯಲ್ಲಿ ಅವ್ವ ಬಾಗಿಲಲ್ಲೇ ತಡೆದಳು. "ಅವನು ಬಂದೋನು ಮಾತೇ ಆಡವಲ್ಲ. ಏನ್ ಮಾಡ್ದೆ ಅವನ್ಗೆ?"

"ಅವನೇನ್ ಮಾಡ್ದ ಅಂತ ನೀನು ಇನ್ನೂ ಕೇಳಿಲ್ಲ ಅವ್ವ. ಮೊದ್ಲು ಅದನ್ನ ಕೇಳು."

ಓಬಳಮ್ಮ ಮಗಳ ಮುಖ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ಒಳಕೋಣೆಯತ್ತ ತಿರುಗಿದಳು. "ನಾಗಾ, ಬಾರೋ ಇಲ್ಲಿ," ಎಂದ ಅವಳ ದನಿ ಗಡುಸಾಗಿತ್ತು.