ರಾಕ್ಷಸನ ತಾಯಿಯ ಬಾಗಿಲಲ್ಲಿ

ಮಧ್ಯಾಹ್ನದ ಬಿಡುವು ಇನ್ನೂ ಮುಗಿದಿರಲಿಲ್ಲ. ಕಮಳಾಬಾಯಿ ಶಿಕ್ಷಕರ ಕೋಣೆಯಲ್ಲಿ ಬುತ್ತಿಯ ಡಬ್ಬಿ ಮುಚ್ಚುತ್ತಿದ್ದಾಗ ಬಕ್ಕಪ್ಪ ಒಳಗೆ ಬಂದು, ಬೂದು ರಟ್ಟಿನ ಮೂರು ನೋಟುಬುಕ್ಕುಗಳನ್ನು ಅವಳ ಮುಂದೆ ಮೇಜಿಗೆ ಬಡಿದ. ಅವನ ತಮ್ಮ ನಾಗನಾಥ ಬಾಗಿಲಿಗೆ ಅಡ್ಡವಾಗಿ ನಿಂತ.

“ಇವನ್ನ ಬರದವರು ನೀವೇನ್ರಿ ಬಾಯಾರ?”

“ಹೌದ್ರಿ, ನಾನೇ.”

“ನನ್ನ ಮಗಳು ಸಾಲಿಗಿ ಹೋಗ್ತೀನಂತ ಮುಂಜಾನಿ ಹೊಂಟಾಕಿ ಸಾಲಿಗೇ ಬಂದಿಲ್ಲ. ಆಕಿ ಟ್ರಂಕಿನ್ಯಾಗ ಇವು ಸಿಕ್ಕಾವ. ಎಲ್ಲಿಗೆ ಕಳಿಸೀರಿ ಆಕಿನ್ನ?”

ಬೆಳಿಗ್ಗೆ ಹತ್ತನೆಯ ತರಗತಿಯ ಹಾಜರಿ ಕರೆದಾಗ ದ್ರೌಪತಿಯ ಜಾಗ ಖಾಲಿ ಇತ್ತು. ಮದುವೆಗೆ ಒಂಬತ್ತೇ ದಿನ ಉಳಿದಿದ್ದರಿಂದ ಮನೆಯವರೇ ಇರಿಸಿಕೊಂಡಿರಬೇಕು ಎಂದುಕೊಂಡು ಕಮಳಾಬಾಯಿ ಮುಂದಿನ ಹೆಸರು ಕರೆದಿದ್ದಳು.

ಅದು ೧೯೭೬ರ ಫೆಬ್ರವರಿ. ಬಕ್ಕಪ್ಪನಿಗೆ ಬಸವಕಲ್ಯಾಣದ ಪೇಟೆಯಲ್ಲಿ ಬೀಜದ ಅಂಗಡಿ. ಹಿರಿಯ ಮಗಳು ದ್ರೌಪತಿಗೆ ಹದಿನೈದು ತುಂಬಿತ್ತು. ಅವಳನ್ನು ಹುಮನಾಬಾದಿನ ವೈಜನಾಥನಿಗೆ ಕೊಡುವುದೆಂದು ಮಾತಾಗಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳೂ ಇರಲಿಲ್ಲ. ಕಮಳಾಬಾಯಿ ಒಮ್ಮೆ ಅಂಗಡಿಗೇ ಹೋಗಿ ಪರೀಕ್ಷೆಯ ಮಾತು ತೆಗೆದಿದ್ದಳು. ಬಕ್ಕಪ್ಪ ಚಹಾ ತರಿಸಿ ಕುಡಿಸಿದನೇ ಹೊರತು ಆ ಮಾತಿಗೆ ಉತ್ತರ ಕೊಟ್ಟಿರಲಿಲ್ಲ.

ನೋಟುಬುಕ್ಕಿನ ಸಂಗತಿಯೇ ಬೇರೆ. ಹನ್ನೊಂದು ವರ್ಷದಿಂದ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಕಮಳಾಬಾಯಿ ಒಂದನ್ನು ಗಮನಿಸಿದ್ದಳು. ಒಂಬತ್ತು, ಹತ್ತನೆಯ ತರಗತಿಯ ಹುಡುಗಿಯರಿಗೆ ಅಜ್ಜಿಕಥೆ ಹೇಳಿದರೆ, ನಾವೇನು ಸಣ್ಣ ಕೂಸುಗಳೇ ಎಂದು ನಗುತ್ತಿದ್ದರು. ದೊಡ್ಡವರ ಕಾದಂಬರಿ ಕೈಗೆ ಸಿಕ್ಕರೆ ಮನೆಯಲ್ಲಿ ಏಟು ಬೀಳುತ್ತಿತ್ತು. ಇವೆರಡರ ನಡುವೆ ಆ ವಯಸ್ಸಿನವರು ಓದಲು ಏನೂ ಇರಲಿಲ್ಲ. ಅದಕ್ಕೇ ಅವಳು ತನ್ನ ಅಜ್ಜಿ ಹೇಳುತ್ತಿದ್ದ ಒಂದು ಕಥೆಯನ್ನು ಎತ್ತಿಕೊಂಡು ಕಾದಂಬರಿಯಾಗಿ ಬೆಳೆಸತೊಡಗಿದಳು. ಕೆರೆ ಬತ್ತಿದ ಊರಿನ ರಾಜ, ನೀರು ಕೊಟ್ಟರೆ ಮಗಳನ್ನು ಕೊಡುತ್ತೇನೆಂದು ರಾಕ್ಷಸನಿಗೆ ಮಾತು ಕೊಡುತ್ತಾನೆ. ಅಜ್ಜಿಯ ಕಥೆಯಲ್ಲಿ ಕುದುರೆ ಏರಿ ಬಂದ ರಾಜಕುಮಾರನೊಬ್ಬ ರಾಕ್ಷಸನನ್ನು ಕಡಿದು ಅವಳನ್ನು ಕರೆದೊಯ್ಯುತ್ತಿದ್ದ. ಕಮಳಾಬಾಯಿಯ ಕಾದಂಬರಿಯಲ್ಲಿ ರಾಜಕುಮಾರನೇ ಇಲ್ಲ. ಹದಿನೈದರ ಆ ಹುಡುಗಿ ಹಗಲೆಲ್ಲ ಲೆಕ್ಕ ಹಾಕುತ್ತಾಳೆ, ಹೆದರುತ್ತಾಳೆ, ಅಪ್ಪನ ಮೇಲೆ ಸಿಟ್ಟಾಗುತ್ತಾಳೆ, ಅವನನ್ನು ನೋಡಿ ಮರುಗುತ್ತಾಳೆ.

ಗುಲಬರ್ಗಾದ ಪ್ರಕಾಶಕರೊಬ್ಬರು ಮೊದಲ ಅಧ್ಯಾಯಗಳನ್ನು ಓದಿ ಕಾರ್ಡು ಬರೆದಿದ್ದರು: ‘ಅಜ್ಜಿಕಥೆ ಮಕ್ಕಳಿಗೆ, ಕಾದಂಬರಿ ದೊಡ್ಡವರಿಗೆ. ಇದು ಯಾರಿಗೆ?’ ಯಾರಿಗೆಂದು ಹುಡುಗಿಯರಿಗೆ ಗೊತ್ತಿತ್ತು. ಬರೆದಷ್ಟನ್ನೂ ಅವರು ಕೈಯಿಂದ ಕೈಗೆ ದಾಟಿಸಿ ಓದುತ್ತಿದ್ದರು.

“ಒಂದೈದು ನಿಮಿಷ ಕೂಡ್ರಿ. ಆಕಿ ಗೆಳತ್ಯಾರಿಗೆ ಕೇಳಿ ಬರ್ತೀನಿ,” ಎಂದು ಕಮಳಾಬಾಯಿ ಎದ್ದಳು. ನಾಗನಾಥ ಅರೆಮನಸ್ಸಿನಿಂದ ದಾರಿ ಬಿಟ್ಟ.

ದ್ರೌಪತಿಯ ಪಕ್ಕದಲ್ಲಿ ಕೂಡುತ್ತಿದ್ದವಳು ಲತೀಫಾ. ನೀರಿನ ಟಾಕಿಯ ಹಿಂದೆ ಕರೆದು ಕೇಳುವಷ್ಟರಲ್ಲೇ ಅವಳ ಗಲ್ಲದ ಮೇಲೆ ಕಣ್ಣೀರು ಇಳಿಯಿತು.

“ನಮ್ಮ ಆಪಾನ ಬುರ್ಖಾ ಕೊಟ್ಟೀನ್ರಿ ಬಾಯಾರ. ನಾಲ್ಕನೇ ನೋಟ್‌ಬುಕ್ಕೂ ತಗೊಂಡು ಹೋಗ್ಯಾಳ. ಹುಮನಾಬಾದ್ ಬಸ್ ಹತ್ಯಾಳ್ರಿ. ಮಧ್ಯಾಹ್ನ ಹೊಳ್ಳಿ ಬರ್ತೀನಿ ಅಂದಿದ್ಳು, ಇನ್ನಾ ಬಂದಿಲ್ಲ. ನಾ ಹೇಳ್ದೆ ಅಂತ ಯಾರಿಗೂ ಹೇಳಬ್ಯಾಡ್ರಿ. ಅಬ್ಬಾಗ ಗೊತ್ತಾದ್ರ ನನ್ನ ಸಾಲಿ ಬಂದ್ ಆಗ್ತದ.”

ಅವಳು ಎಲ್ಲಿಗೆ ಹೋಗಿದ್ದಾಳೆಂದು ಕಮಳಾಬಾಯಿಗೆ ಹೊಳೆಯಿತು. ನಾಲ್ಕನೆಯ ನೋಟುಬುಕ್ಕಿನಲ್ಲಿ ರಾಜನ ಮಗಳು ಒಬ್ಬ ಮುದುಕಿಯ ತೊಗಲನ್ನು ಹೊದ್ದುಕೊಂಡು, ತನ್ನನ್ನು ಕರೆದೊಯ್ಯಲು ರಾಕ್ಷಸ ಬರುವ ಮೊದಲೇ ತಾನೇ ಅವನ ಊರಿಗೆ ಹೋಗಿ ಅವನ ತಾಯಿಯ ಬಾಗಿಲು ಬಡಿಯುತ್ತಾಳೆ. ಕಥೆ ಅಲ್ಲಿಗೆ ನಿಂತಿತ್ತು. ತಾಯಿ ಬಾಗಿಲು ತೆಗೆದು ಏನೆನ್ನುತ್ತಾಳೆ ಎಂಬುದು ಹೊಳೆಯದೆ ಕಮಳಾಬಾಯಿ ಒಂದು ತಿಂಗಳಿನಿಂದ ಪೆನ್ನು ಮುಟ್ಟಿರಲಿಲ್ಲ.

ಅವಳು ಕೋಣೆಗೆ ಮರಳುವಷ್ಟರಲ್ಲಿ ನಾಗನಾಥ ಶಾಲೆಯ ಎದುರಿಗೇ ಇದ್ದ ಬಸ್‌ಸ್ಟ್ಯಾಂಡಿಗೆ ಹೋಗಿಬಂದಿದ್ದ. ಅವನ ಧ್ವನಿ ಏರಿತ್ತು.

“ಅಣ್ಣಾ, ಚಾದಂಗಡ್ಯಾಂವ ನೋಡ್ಯಾನ. ಬುರ್ಖಾ ಹಾಕ್ಕೊಂಡ ಹುಡುಗಿ, ಕೆಳಗ ಸಾಲಿ ನೀಲಿ ಲಂಗ. ಬುರ್ಖಾ ಎಲ್ಲಿಂದ ಬಂತು? ಆ ಲತೀಫಾನ ಮನ್ಯಾಗಿಂದ. ಆಕಿಗೊಬ್ಬ ಅಣ್ಣ ಅದಾನ, ಗಯಾಸುದ್ದೀನ್. ತಿಳೀತಿಲ್ಲೇನು? ನಾಕು ಮಂದಿನ್ನ ಕರಕೊಂಡು ಅವರ ಮನಿಗೆ ಹೋಗೂಣ ನಡಿ.”

ಬಕ್ಕಪ್ಪನ ಮುಖ ಕಪ್ಪಿಟ್ಟಿತು. ಹೇಳಿದರೆ ತನ್ನನ್ನು ನಂಬಿದ ದ್ರೌಪತಿಯನ್ನು ಹಿಡಿದುಕೊಟ್ಟಂತೆ, ಹೇಳದಿದ್ದರೆ ಸಂಜೆಯೊಳಗೆ ಏನೂ ಅರಿಯದ ಒಂದು ಮನೆಯ ಮೇಲೆ ಕಲ್ಲು ಬೀಳುತ್ತದೆ. ಕಮಳಾಬಾಯಿಗೆ ಯೋಚಿಸಲು ಸಮಯವಿರಲಿಲ್ಲ.

“ಯಾರ ಮನಿಗೂ ಹೋಗಬ್ಯಾಡ್ರಿ. ಆಕಿ ಎಲ್ಲಿದ್ದಾಳ ನನಗ ಗೊತ್ತದ,” ಎಂದಳು. “ಯಾರ ಜೋಡೀನೂ ಹೋಗಿಲ್ಲ. ಬಕ್ಕಪ್ಪನವರ, ನೀವೊಬ್ಬರೇ ನನ್ನ ಸಂಗಟ ಬರ್ರಿ. ಆಕಿ ಮೈ ಮುಟ್ಟಾಂಗಿಲ್ಲ ಅಂತ ಮಾತು ಕೊಡ್ರಿ. ನಾವು ಹೊಳ್ಳಿ ಬರೂತನಕ ನಿಮ್ಮ ತಮ್ಮ ಯಾರ ಬಾಗಿಲಿಗೂ ಹೋಗಬಾರದು.”

“ಸುಳ್ಳಾದ್ರ?” ಎಂದ ನಾಗನಾಥ.

“ಸುಳ್ಳಾದ್ರ ನಾ ಇಲ್ಲೇ ಇರ್ತೀನಲ್ರಿ, ಎಲ್ಲಿ ಹೋಗ್ಲಿ.”

ಬಕ್ಕಪ್ಪ ತಮ್ಮನ ಕಡೆ ತಿರುಗಿ, “ಅಂಗಡ್ಯಾಗ ಕೂಡು, ಹೋಗು,” ಎಂದ. ಮಗಳ ಮೈ ಮುಟ್ಟುವುದಿಲ್ಲ ಎಂಬ ಮಾತು ಅವನ ಬಾಯಿಂದ ಬರಲಿಲ್ಲ.

ಮೂರು ಗಂಟೆಯ ಬಸ್ಸು ಬಂಗ್ಲಾ ಕ್ರಾಸಿನಲ್ಲಿ ಹೆದ್ದಾರಿಗೆ ಬಿದ್ದು ರಾಜೇಶ್ವರದ ಕಡೆ ಓಡತೊಡಗಿತು. ಕಮಳಾಬಾಯಿ ಕಿಟಕಿಯ ಪಕ್ಕ, ಅವನು ದಾರಿಯ ಆಚೆಗಿನ ಸೀಟಿನಲ್ಲಿ. ಅವಳು ಹುಮನಾಬಾದಿಗೆ ಟಿಕೆಟ್ ಕೇಳಿದಾಗಲೇ ಅವನಿಗೆ ಅರ್ಧ ಅರ್ಥವಾಗಿತ್ತು. ತುಸು ಹೊತ್ತಿಗೆ ಅವನು ನೋಟುಬುಕ್ಕುಗಳನ್ನು ಅವಳ ಕಡೆ ಚಾಚಿದ.

“ನಾ ಕಲ್ತದ್ದು ನಿಜಾಮರ ಕಾಲದಾಗ, ಉರ್ದು ಸಾಲ್ಯಾಗ. ಕನ್ನಡ ನನಗ ಅಂಗಡಿ ಬೋರ್ಡ್ ಓದೂವಷ್ಟೇ ಬರ್ತದ. ಇದ್ರಾಗ ತಂದಿನ್ನ ಬೈದಾರಂತ ನಾಗನಾಥ ಓದಿ ಹೇಳ್ದ. ಆ ರಾಜಾ ನಾನೇನು?”

“ಅದನ್ನ ಬರಿಯೂವಾಗ ನಿಮ್ಮ ಮಗಳ ಸಂಬಂಧ ಕೂಡಿರಲಿಲ್ರಿ.”

“ಆ ರಾಜಾ ಕೆಟ್ಟವನೇನು?”

“ಅಲ್ರಿ. ಅಂಜಿದವ. ಅಂಜಿ ಮಾತು ಕೊಟ್ಟಾನ.”

ಬಕ್ಕಪ್ಪ ಹೊರಗೆ ತೊಗರಿ ಕೊಯ್ದ ಹೊಲಗಳನ್ನು ನೋಡುತ್ತ ಕೂತ. ಹುಮನಾಬಾದಿನ ಹೊರವಲಯ ಕಂಡಾಗ ತನ್ನಷ್ಟಕ್ಕೇ ಎಂಬಂತೆ ಅಂದ: “ನನಗ ನಾಕು ಮಂದಿ ಹೆಣ್ಣುಮಕ್ಕಳ ಅದಾವ, ಬಾಯಾರ.” ಆ ಹುಡುಗಿಗೆ ಏನಾದರೂ ಆಗಿದ್ದರೆ ಈ ಮನುಷ್ಯನ ಮುಖವನ್ನು ತಾನು ಬದುಕಿರುವ ತನಕ ನೋಡಬೇಕಾಗುತ್ತದೆ ಎಂದು ಕಮಳಾಬಾಯಿಗೆ ಅನ್ನಿಸಿತು.

ವೈಜನಾಥನ ತಾಯಿ ಸಂಗಮ್ಮನ ಮನೆಯ ಬಾಗಿಲು ತೆರೆದೇ ಇತ್ತು. ಅಂಗಳದ ಗೂಟಕ್ಕೆ ಕಪ್ಪು ಬುರ್ಖಾ ತೂಗುಬಿದ್ದಿತ್ತು. ಅದನ್ನು ಕಂಡದ್ದೇ ಕಮಳಾಬಾಯಿ ಬಕ್ಕಪ್ಪನಿಗಿಂತ ಮೊದಲೇ ಒಳಗೆ ಕಾಲಿಟ್ಟಳು. ಪಡಸಾಲೆಯಲ್ಲಿ ಸಂಗಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಎದುರಿಗೆ ದ್ರೌಪತಿ. ನೋಟುಬುಕ್ಕು ಅವಳ ತೊಡೆಯ ಮೇಲಿತ್ತು, ಮುಂದಿದ್ದ ಚಹಾ ಕೆನೆಗಟ್ಟಿತ್ತು.

ಸಂಗಮ್ಮ ಏಳಲಿಲ್ಲ. “ಬರ್ರಿ ಬೀಗರ. ನಿಮಗೇ ಹೇಳಿ ಕಳಸಾಕಿ ಇದ್ದೆ. ಹುಡುಗೀನ ಒಬ್ಬಾಕಿನ್ನೇ ಹೊಳ್ಳಿ ಕಳಸಾಕ ಮನಸ್ಸಾಗಲಿಲ್ಲ,” ಎಂದಳು. ಆಮೇಲೆ ಮೊರವನ್ನು ಕೆಳಗಿಟ್ಟು ಕೇಳಿದಳು: “ಹದಿನೆಂಟು ತುಂಬ್ಯಾವ, ಸಾಲಿ ಬಿಟ್ಟು ಎರಡು ವರ್ಷ ಆತು ಅಂತ ಇದೇ ಪಡಸಾಲ್ಯಾಗ ಕೂತು ಹೇಳಿದ್ರಿ. ಖರೇನೋ, ಸುಳ್ಳೋ?”

ಬಕ್ಕಪ್ಪನ ಕಣ್ಣು ಮಗಳ ಮೇಲಿತ್ತು. ಎರಡೇ ಹೆಜ್ಜೆಗೆ ಅವಳ ಬಳಿ ತಲುಪಿ ಕೈ ಎತ್ತಿದ. ಕಮಳಾಬಾಯಿ ನಡುವೆ ನುಗ್ಗಿದಳು. ಅವಳ ಹಿಂದಿನಿಂದಲೇ ದ್ರೌಪತಿಯ ನಡುಗುವ ಧ್ವನಿ ಬಂತು.

“ಹೊಡಿ ಅಪ್ಪಾ. ಆದ್ರ ನಾ ಓಡಿಹೋಗಿಲ್ಲ. ಓಡಿಹೋಗೂದಿದ್ರ ಬಂಗ್ಲಾದಾಗ ಇಳದು ಹೈದರಾಬಾದ್ ಬಸ್ ಹತ್ತತಿದ್ದೆ. ನೀ ಕೊಡಾಕತ್ತಿದ ಮನಿಗೇ ಬಂದೀನಿ. ಎರಡು ತಿಂಗಳ ತಡೀರಿ, ಪರೀಕ್ಷಾ ಬರದು ಬರ್ತೀನಿ ಅಂತ ಕೇಳಾಕ ಬಂದೀನಿ. ನಿನಗ ಹತ್ತು ಸಲ ಕೇಳ್ದೆ, ನೀ ಒಮ್ಮಿನೂ ಕೇಳಿಸ್ಕೊಳಲಿಲ್ಲ.”

“ಈ ಮನ್ಯಾಗ ನನ್ನ ಮುಂದ ಹೆಣ್ಣಿನ ಮ್ಯಾಲ ಕೈ ಎತ್ತಬ್ಯಾಡ್ರಿ,” ಎಂದಳು ಸಂಗಮ್ಮ. ಧ್ವನಿ ಏರಿಸಿರಲಿಲ್ಲ. ಬಕ್ಕಪ್ಪನ ಕೈ ಇಳಿಯಿತು. “ಎರಡು ತಿಂಗಳ ಕೇಳ್ಯಾಳ ಹುಡುಗಿ. ನಾ ಕೊಡಾಂಗಿಲ್ಲ.”

ಕಮಳಾಬಾಯಿ ಸಂಗಮ್ಮನ ಕಡೆ ತಿರುಗಿದಳು.

“ಹದಿಮೂರಕ್ಕ ಈ ಹೊಸ್ತಿಲ ದಾಟಿ ಬಂದಾಕಿ ನಾ,” ಎಂದು ಸಂಗಮ್ಮ ಮುಂದುವರಿಸಿದಳು. “ಹದಿನೇಳು ತುಂಬೂದ್ರೊಳಗ ಎರಡು ಕೂಸು ಮಣ್ಣಿಗಿಟ್ಟೀನಿ. ವಯಸ್ಸು ಎಷ್ಟಂತ ನಿಮಗ ಸುಮ್ಮನ ಕೇಳಿರಲಿಲ್ಲ. ನನ್ನ ಮಗಗ ಮೂವತ್ತು. ಈ ಕೂಸಿನ್ನ ನಾ ಒಲ್ಲೆ, ಬೀಗರ. ಈಗೂ ಒಲ್ಲೆ, ಪರೀಕ್ಷಾ ಆದಮ್ಯಾಲೂ ಒಲ್ಲೆ.”

ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದ ದ್ರೌಪತಿ ಆಗ ಮುಖ ಮುಚ್ಚಿಕೊಂಡು ಬಿಕ್ಕತೊಡಗಿದಳು. ಅದು ಸಮಾಧಾನದ ಅಳುವೋ, ಅಪ್ಪನ ಗತಿ ನೆನೆದು ಬಂದ ಅಳುವೋ, ಕಮಳಾಬಾಯಿಗೆ ತಿಳಿಯಲಿಲ್ಲ. ಬಕ್ಕಪ್ಪ ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಕಂಬಕ್ಕೆ ಒರಗಿ ಕುಸಿದು ಕೂತ.

“ಒಂಬತ್ತು ದಿನ ಉಳದಾವ. ಊರಿಗೆಲ್ಲ ಹೇಳೀನಿ. ಇಜ್ಜತ್ ಹೋತು ನಂದು. ಏನಂತ ಮುಖ ತೋರಿಸ್ಲಿ?”

ಸಂಗಮ್ಮ ಅವನ ಮುಂದೆ ನೀರಿನ ತಂಬಿಗೆ ಇಟ್ಟಳು. “ಬೀಗತಿಗೆ ಆರಾಮಿಲ್ಲ, ಮದುವಿ ಒಂದು ವರ್ಷ ಮುಂದ ಹಾಕ್ಯಾರ ಅಂತ ಹೇಳ್ರಿ. ತಪ್ಪು ನನ್ನ ಕಡಿ ಇರ್ಲಿ. ವರ್ಷದಾಗ ಮಂದಿಗೆ ಬ್ಯಾರೆ ಮಾತು ಸಿಗ್ತಾವ. ನನ್ನ ಮಗಗ ನಾ ಹೇಳ್ತೀನಿ.”

ಸಂಜೆ ಬಸ್ಸು ಬಸವಕಲ್ಯಾಣ ತಲುಪಿದಾಗ ಇನ್ನೂ ಬೆಳಕಿತ್ತು. ಬುರ್ಖಾ ಮಡಚಿ ಕಮಳಾಬಾಯಿಯ ಚೀಲದ ತಳದಲ್ಲಿತ್ತು. ಸ್ಟ್ಯಾಂಡಿನಲ್ಲಿ ನಾಗನಾಥ ಐದಾರು ಮಂದಿಯ ಜೊತೆ ನಿಂತಿದ್ದ, ಒಬ್ಬನ ಕೈಯಲ್ಲಿ ಬಡಿಗೆ. ಬಕ್ಕಪ್ಪ ಏನು ಹೇಳುತ್ತಾನೋ ಕಮಳಾಬಾಯಿಗೆ ಗೊತ್ತಿರಲಿಲ್ಲ. ಅವನು ಮೊದಲು ಇಳಿದ. ಜನ ಸುತ್ತುಗಟ್ಟಿದರು.

“ಏನಾತಣ್ಣಾ? ಯಾರ ಜೋಡಿ ಹೋಗಿದ್ಳು?”

“ಬಾಯಿಗೆ ಬಂದಂಗ ಮಾತಾಡಬ್ಯಾಡ,” ಎಂದ ಬಕ್ಕಪ್ಪ, ಎಲ್ಲರಿಗೂ ಕೇಳುವಂತೆ. “ಬೀಗತಿಗೆ ಮೈಯಾಗ ಆರಾಮಿಲ್ಲ. ನೋಡಿ ಬರಾಕ ಹೋಗಿದ್ಳು. ನನಗ ಹೇಳೇ ಹೋಗಿದ್ಳು, ನಾನೇ ಮರತಿದ್ದೆ. ಮದುವಿ ಒಂದು ವರ್ಷ ಮುಂದ ಹೋತು. ಹಾದಿ ಬಿಡ್ರಿ.”

ಬಡಿಗೆ ಹಿಡಿದವನು ನಾಗನಾಥನ ಮುಖ ನೋಡಿದ. ನಾಗನಾಥ ನೆಲ ನೋಡಿದ. ಅಪ್ಪ, ಮಗಳು ಪೇಟೆಯ ದಾರಿ ಹಿಡಿದು ಹೋದರು. ಇಬ್ಬರ ನಡುವೆ ನಾಲ್ಕು ಮೊಳ ಅಂತರವಿತ್ತು.

ನಾಗನಾಥ ಸುಮ್ಮನಿರಲಿಲ್ಲ. ಶಾಲೆಯವರಿಗೆ ಅರ್ಜಿ ಬರೆದ. ಇನ್ನು ಮುಂದೆ ಪಠ್ಯದ ಹೊರಗಿನ ಯಾವ ಬರಹವನ್ನೂ ಹುಡುಗಿಯರಿಗೆ ಕೊಡುವುದಿಲ್ಲವೆಂದು ಕಮಳಾಬಾಯಿ ಸಹಿ ಹಾಕಿಕೊಡಬೇಕಾಯಿತು. ದ್ರೌಪತಿ ಪರೀಕ್ಷೆಗೆ ಕೂತು ಪಾಸಾದಳು. ಬಕ್ಕಪ್ಪ ಮಗಳೊಡನೆ ಮಾತಾಡಲು ಮೂರು ತಿಂಗಳು ಹಿಡಿಯಿತು. ಆದರೂ ಪರೀಕ್ಷೆಯ ಆರೂ ದಿನ ಅವನೇ ಅವಳನ್ನು ಗೇಟಿನವರೆಗೆ ಬಿಟ್ಟುಹೋದ.

ಬೇಸಿಗೆ ರಜೆಯಲ್ಲಿ ದ್ರೌಪತಿ ಒಂದು ದಿನ ಕಮಳಾಬಾಯಿಯ ಮನೆಗೆ ಬಂದು ನಾಲ್ಕನೆಯ ನೋಟುಬುಕ್ಕನ್ನು ಕೊಟ್ಟಳು. ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತ ಕೂತು, ಯಾರಿಗೂ ಹೇಳದಿದ್ದ ಒಂದು ಮಾತನ್ನು ಹೇಳಿದಳು. ಆ ದಿನ ಬಸ್ಸಿನಲ್ಲಿ ಒಬ್ಬ ಅವಳ ಹಿಂದಿನ ಸೀಟಿಗೆ ಬಂದು ಕೂತಿದ್ದನಂತೆ. ಹುಮನಾಬಾದಿನಲ್ಲಿ ಇಳಿದ ಮೇಲೂ ಬೆನ್ನು ಬಿಡದೆ ಮೂರು ಓಣಿ ದಾಟಿ ಬಂದನಂತೆ. ಸಂಗಮ್ಮನ ಬಾಗಿಲು ತೆರೆದಿರದಿದ್ದರೆ ಏನಾಗುತ್ತಿತ್ತೋ.

“ನಿಮ್ಮ ಪುಸ್ತಕದಾಗ ರಾಜನ ಮಗಳು ಹಾದ್ಯಾಗ ಒಮ್ಮಿನೂ ಅಂಜೂದಿಲ್ರಿ ಬಾಯಾರ. ನಾ ಭಾಳ ಅಂಜಿದ್ದೆ.”

ಆ ರಾತ್ರಿ ಕಮಳಾಬಾಯಿಗೆ ನಿದ್ದೆ ಬರಲಿಲ್ಲ. ಆ ದಾರಿಯ ಅಧ್ಯಾಯವನ್ನೇ ಹರಿದು ಒಲೆಗೆ ಹಾಕಿಬಿಡೋಣ ಎನ್ನಿಸಿತು. ತನ್ನ ಕೋಣೆಯಲ್ಲಿ ಕೂತು, ಒಂದೂ ಮುಳ್ಳಿಲ್ಲದ ದಾರಿಯನ್ನು ಬರೆದು ಮಕ್ಕಳ ಕೈಗೆ ಕೊಟ್ಟಿದ್ದಳು. ಮರುದಿನ ಬೆಳಿಗ್ಗೆ ಹಾಳೆಗಳನ್ನು ತೆಗೆದು ಮುಂದಿಟ್ಟುಕೊಂಡಳು. ಹರಿಯಲಿಲ್ಲ. ಮೊದಲ ಸಾಲಿನಿಂದ ಮತ್ತೆ ಬರೆಯತೊಡಗಿದಳು. ಈ ಸಲ ಮುದುಕಿಯ ತೊಗಲಿನ ಒಳಗೆ ರಾಜನ ಮಗಳ ಮೈ ಬೆವರುತ್ತದೆ, ಬೆನ್ನ ಹಿಂದೆ ಯಾರದೋ ಹೆಜ್ಜೆಯ ಸದ್ದು ಕೇಳುತ್ತದೆ, ಅವಳಿಗೆ ಮನೆಗೆ ಓಡಿಹೋಗಬೇಕೆನ್ನಿಸುತ್ತದೆ, ಆದರೂ ನಡೆಯುತ್ತಾಳೆ. ಅದೊಂದು ಅಧ್ಯಾಯ ಮುಗಿಸಲು ಕಮಳಾಬಾಯಿಗೆ ಹನ್ನೊಂದು ದಿನ ಹಿಡಿದವು. ಬಾಗಿಲು ತೆಗೆದ ತಾಯಿ ಏನೆನ್ನಬೇಕೆಂಬುದನ್ನು ಸಂಗಮ್ಮ ಆಗಲೇ ಹೇಳಿಕೊಟ್ಟಿದ್ದಳು.