ಕಣ್ಣಿಗೊತ್ತಿಕೊಂಡ ಕೈ

ಜಪಾನಿನ ನಗೋಯಾದ ಆ ಶಾಲೆಯಲ್ಲಿ ಊಟವಾದ ಮೇಲೆ ಮಕ್ಕಳೇ ತರಗತಿ ಒರೆಸುವುದು ಪದ್ಧತಿ. ಮೇಜುಗಳನ್ನು ಹಿಂದಕ್ಕೆ ತಳ್ಳಿ, ಪುಸ್ತಕದ ಚೀಲಗಳನ್ನು ಗೋಡೆಯ ಬದಿಗಿಟ್ಟು, ಒದ್ದೆ ಬಟ್ಟೆಯನ್ನು ನೆಲಕ್ಕೊತ್ತಿ ಬಗ್ಗಿ ಓಡುತ್ತಾರೆ.

"ಸತ್ಯಭಾಮಾ ಸಾನ್, ಆ ಹುಡುಗಿಯನ್ನು ನೋಡಿ," ಎಂದರು ತರಗತಿಯ ಮೇಷ್ಟ್ರು ಮೋರಿ. "ಒರೆಸುತ್ತ ಒರೆಸುತ್ತ ನಿಂತುಬಿಡುತ್ತಾಳೆ. ಚೀಲ ಮುಟ್ಟಿ ಕಣ್ಣು ಮುಟ್ಟಿಕೊಳ್ಳುತ್ತಾಳೆ. ಮಕ್ಕಳು ನಗುತ್ತಾರೆ. ಏನಾದರೂ ಕಾಯಿಲೆಯೇ?"

ಸತ್ಯಭಾಮಮ್ಮ ಹೊರದೇಶದ ಮಕ್ಕಳಿಗೆ ನೆರವಾಗುವ ಶಿಕ್ಷಕಿ. ಮೈಬಣ್ಣ ಕಪ್ಪೆಂದರೆ ಸಾಕು, ನೇಪಾಳದ ಮಗುವಾಗಲಿ ಬ್ರೆಜಿಲ್ಲಿನದಾಗಲಿ, ಎಲ್ಲರೂ ಒಂದೇ ಮನೆಯವರೆಂಬಂತೆ ಅವರ ಪಾಲಿಗೇ ಬರುತ್ತಿತ್ತು. ಈ ಸಲ ಬಂದ ಇಂಚರಾ ಮಾತ್ರ ನಿಜಕ್ಕೂ ಮೈಸೂರಿನವರ ಮಗಳು.

ಅಷ್ಟರಲ್ಲಿ ಇಂಚರಾಳ ಕಾಲು ಒಂದು ಚೀಲಕ್ಕೆ ತಾಗಿತು. ಬಟ್ಟೆ ಕೆಳಗಿಟ್ಟು, ಚೀಲ ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಕಾಯಿಲೆಯಲ್ಲ ಮೋರಿ ಸಾನ್. ಪುಸ್ತಕ ನಮಗೆ ಸರಸ್ವತಿ. ಕಾಲು ತಾಗಿದರೆ ತಪ್ಪಾಯಿತೆಂದು ಕೇಳಿಕೊಳ್ಳುತ್ತೇವೆ."

"ಹಾಗೆಯೇ? ನಾನು ಕೇಳಿದಾಗ ಅವಳೇಕೆ ಹೇಳಲಿಲ್ಲ?"

ಉತ್ತರ ಸತ್ಯಭಾಮಮ್ಮನವರಿಗೆ ಗೊತ್ತಿತ್ತು. ಅವರ ಮಗಳು ಯಾಮಿನಿಯೂ ಇದೇ ಶಾಲೆಯಲ್ಲಿ ಓದಿದವಳು. ಗೇಟಿನ ಬಳಿ ಕುಂಕುಮ ಅಳಿಸಿಕೊಂಡು ಒಳಗೆ ಹೋಗುತ್ತಿದ್ದಳು. "ಅಮ್ಮಾ, ಒಳಗೆ ನಿನ್ ಥರ ಒಬ್ರೂ ಇಲ್ವಲ್ಲ," ಎಂದಿದ್ದಳು ಒಮ್ಮೆ. ದೊಡ್ಡವಳಾದ ಮೇಲೆ ಕುಂಕುಮ ಕೇಳಲೇ ಇಲ್ಲ. ಈಗ ಹಣೆಯೂ ಇಲ್ಲ. ದೇವರು ಅವಳನ್ನು ಬೇಗ ಕರೆದುಕೊಂಡ. ಆಮೇಲೆಯೇ ಸತ್ಯಭಾಮಮ್ಮ ಈ ಕೆಲಸ ಹಿಡಿದದ್ದು.

ಮರುದಿನ ಇಂಚರಾಳ ಕಾಲು ಮತ್ತೆ ಚೀಲಕ್ಕೆ ತಾಗಿತು. ಅವಳು ಸುತ್ತ ನೋಡಿ, ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಇವಳೂ ಅಳಿಸಿಕೊಳ್ಳತೊಡಗಿದಳೇ! ಸತ್ಯಭಾಮಮ್ಮ ಗಾಬರಿಯಿಂದ ಮುಂದೆ ಬಂದರು; ಆ ಅವಸರದಲ್ಲಿ ಅವರ ಕಾಲೇ ಒಂದು ಚೀಲವನ್ನು ಎಡವಿತು.

"ಆಂಟೀ! ನಿಮ್ ಕಾಲ್ ತಾಗ್ತು!"

ಆ ಮಗು ಶಾಲೆಯೊಳಗೆ ಆಡಿದ ಮೊದಲ ಕನ್ನಡ ಅದು.

ಸತ್ಯಭಾಮಮ್ಮ ಮೋರಿಯವರ ಮುಂದೆ, ಇಡೀ ತರಗತಿಯ ಮುಂದೆ ಮಂಡಿಯೂರಿದರು. ಚೀಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಯಾರೋ ಕಿಸಕ್ಕನೆ ನಕ್ಕರು. ಇಂಚರಾ ಅತ್ತ ತಿರುಗಲಿಲ್ಲ. ಪಕ್ಕದಲ್ಲಿ ಕುಳಿತು, ತನ್ನ ಕಾಲು ತಾಗಿದ ಚೀಲ ಮುಟ್ಟಿ, "ಸುಮಿಮಾಸೆನ್," ಎಂದು ಜಪಾನಿಯಲ್ಲಿ ಅದಕ್ಕೇ ಕ್ಷಮೆ ಕೇಳಿ ಕಣ್ಣಿಗೊತ್ತಿಕೊಂಡಳು.

ಸತ್ಯಭಾಮಮ್ಮ ಕೂಡಲೇ ಕೈ ತೆಗೆಯಲಿಲ್ಲ. ಅಂದು ಯಾಮಿನಿಯ ಮುಂದೆ ಈ ನೆಲದ ಮೇಲೆ ಹೀಗೆ ಒಬ್ಬರಾದರೂ ಬಗ್ಗಿದ್ದರೆ, ತಾಯೀ...

"ಆಂಟಿ, ಸಾಕು ಏಳಿ," ಎಂದಳು ಇಂಚರಾ. "ನೀವ್ ಕೂತಿರೋ ಜಾಗ ಒರಸ್ಬೇಕು."